ಇವತ್ತ ವಸ್ತಿ ಎಲ್ಲಿ?

ನಮ್ಮ ಕಡೆ ಸಂಜೆಯ ಹೊತ್ತು ಪರಊರಿನವರು ಎದುರಾದರೆ ಮೊದಲು ಕೇಳುವ ಮಾತು ‘ಇವತ್ತ ವಸ್ತಿ ಎಲ್ಲಿ?’ ಎಂಬುದು. ಹೆಸರು, ಕುಲ, ಬಂದ ಕೆಲಸ ಎಲ್ಲ ಆಮೇಲೆ. ವಸ್ತಿ ಅಂದರೆ ರಾತ್ರಿ ಉಳಿಯುವ ಠಾವು. ಹುಬ್ಬಳ್ಳಿಯಿಂದ ರಾತ್ರಿ ಕೊನೆಗೆ ಹೊರಟು, ಹಳ್ಳಿಯಲ್ಲೇ ನಿಂತು, ನಸುಕಿನಲ್ಲಿ ಮರಳುವ ಬಸ್ಸಿಗೆ ವಸ್ತಿ ಬಸ್ಸು ಅಂತಲೇ ಹೆಸರು. ಅದರ ಡ್ರೈವರ್, ಕಂಡಕ್ಟರು ಊರು ಬಿಟ್ಟು ರಾತ್ರಿ ಉಳಿದದ್ದಕ್ಕೆ ನಿಗಮದಿಂದ ಭತ್ಯೆ ಇದೆ. ಇರಬೇಕಾದದ್ದೇ.

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ ನಾನಿರುವುದು. ಈ ತಾಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಮಾಸ್ತರಿಕೆ ಮಾಡಿದೆ. ದಿನಾ ಬೆಳಗ್ಗೆ ಹಾಜರಿ ಪುಸ್ತಕ ತೆಗೆದು ಹೆಸರು ಕೂಗಿದ್ದೇನೆ. ಇಷ್ಟು ವರ್ಷಗಳಲ್ಲಿ ಒಂದು ಮಗುವನ್ನಾದರೂ ‘ನಿನ್ನೆ ರಾತ್ರಿ ವಸ್ತಿ ಎಲ್ಲಿದ್ದಿ?’ ಅಂತ ಕೇಳಲಿಲ್ಲ. ಹಾದಿಹೋಕರಿಗೆ ಕೇಳುವ ಮಾತನ್ನು ನನ್ನ ಎದುರಿಗೇ ಕೂತ ಮಕ್ಕಳಿಗೆ ಕೇಳಬೇಕು ಅಂತ ನನಗೆ ಹೊಳೆದದ್ದು ಒಬ್ಬ ಮುದುಕಿಯಿಂದ.

ಆಗ ನಾನಿದ್ದದ್ದು ಒಂದು ತಾಂಡಾದ ಶಾಲೆಯಲ್ಲಿ. ಆರನೇ ಇಯತ್ತೆಯ ಒಬ್ಬ ಹುಡುಗಿ ದೀಪಾವಳಿ ರಜೆ ಮುಗಿದ ಮೇಲೆ ಹದಿನೈದು ದಿನ ಬಂದಳು, ಆಮೇಲೆ ಬರಲಿಲ್ಲ. ಲೆಕ್ಕದಲ್ಲಿ ಚುರುಕಿನ ಹುಡುಗಿ. ಹುಡುಕಿಕೊಂಡು ಹೋದೆ. ಅಪ್ಪ, ಅವ್ವ, ಸಣ್ಣ ತಮ್ಮ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮನೆಗೆ ಕೀಲಿ ಬಿದ್ದಿತ್ತು. ಹುಡುಗಿ ಅಜ್ಜಿಯ ಹತ್ತಿರ ಇದ್ದಳು. ಆ ಅಜ್ಜಿಗೆ ಹೊತ್ತು ಮುಳುಗಿದ ಮೇಲೆ ಕಣ್ಣು ಸರಿಯಾಗಿ ಕಾಣಿಸುತ್ತಿರಲಿಲ್ಲ. ಗುಡಿಸಲಿನ ಬಾಗಿಲಿಗೆ ಅಗಳಿಯೂ ಇರಲಿಲ್ಲ. ನಾನು ಎಂದಿನ ಹಾಗೆ ಶುರುಮಾಡಿದೆ: ಬಿಸಿಯೂಟ ಕೊಡ್ತೀವಿ, ಪುಸ್ತಕ ಕೊಡ್ತೀವಿ, ಬಟ್ಟೆ ಕೊಡ್ತೀವಿ, ಹುಡುಗೀನ್ನ ಸಾಲಿಗೆ ಕಳಸಬೇ. ಅಜ್ಜಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದಳು:

‘ಹಗಲಿಗೆ ನೀವದೀರಿ ಮಾಸ್ತರ್ರ. ರಾತ್ರಿಗೆ ಯಾರದಾರ?’

ನಾನು ನಕ್ಕು, ‘ರಾತ್ರಿಗೆ ದೇವರದಾನಲ್ಲ ಬೇ’ ಅಂದೆ. ಎಂಥಾ ಹುಂಬ ಉತ್ತರ! ಮರುವಾರ ಸಂಬಂಧಿಕರ ಜೋಡಿ ಹುಡುಗಿ ಗೋವಾಕ್ಕೆ ಹೋದಳು. ಸಣ್ಣ ತಮ್ಮನ್ನ ಆಡಿಸಲಿಕ್ಕೆ ಅವ್ವನಿಗೂ ಕೈ ಬೇಕಾಗಿತ್ತು. ನಾನು ನಿಯಮದ ಪ್ರಕಾರ ದಿನ ಎಣಿಸಿ ಗೈರು ಬರೆದೆ, ಶಾಲೆಯಿಂದ ಹೊರಗುಳಿದ ಮಕ್ಕಳ ಯಾದಿಯಲ್ಲಿ ಹೆಸರು ಸೇರಿಸಿ ಮೇಲಿನ ಕಚೇರಿಗೆ ಕಳಿಸಿದೆ. ನನ್ನ ಕೆಲಸ ಮುಗಿಯಿತು. ಜೂನಿನಲ್ಲಿ ಅವಳು ಮರಳಿ ಬಂದಳು, ನಾವು ಆರತಿ ಎತ್ತಿ ಗುಲಾಬಿ ಹೂ ಕೊಟ್ಟು ಬರಮಾಡಿಕೊಂಡೆವು, ದಾಖಲಾತಿ ಆಂದೋಲನದ ಫೋಟೋದಲ್ಲೂ ಅವಳಿದ್ದಾಳೆ. ನವೆಂಬರಿನಲ್ಲಿ ಮತ್ತೆ ಗೈರು. ಎಂಟನೇ ಇಯತ್ತೆ ಅವಳಿಗೆ ಮುಗಿಯಲಿಲ್ಲ.

ನಮ್ಮ ತಾಲೂಕು ಅರ್ಧ ಬಯಲು, ಅರ್ಧ ಮಲೆನಾಡು. ಹುಬ್ಬಳ್ಳಿ ಬಿಟ್ಟು ಪಡುವಣಕ್ಕೆ ಬಂದ ಹಾಗೆ ಎರೆಹೊಲ ಸರಿದು ಭತ್ತ, ಗೋವಿನಜೋಳ, ಹತ್ತಿ, ಕಬ್ಬು, ಆಚೆ ಅಡವಿ. ಲಂಬಾಣಿ ತಾಂಡಾಗಳಿವೆ, ಅಡವಿಯಂಚಿಗೆ ಎಮ್ಮೆ ಕಟ್ಟುವ ಗೌಳಿಗರ ದಡ್ಡಿಗಳಿವೆ. ಕಲಘಟಗಿ ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಅಲ್ಲಿನ ಬಣ್ಣದ ತೊಟ್ಟಿಲು. ಅರಗಿನ ಬಣ್ಣ ಹಾಕಿ ಚಿತ್ರ ಬರೆದ ಆ ತೊಟ್ಟಿಲನ್ನು ದೂರದೂರದ ಶ್ರೀಮಂತರು, ಸಿನಿಮಾದವರು ತರಿಸಿಕೊಳ್ಳುತ್ತಾರೆ. ಅದೇ ತಾಲೂಕಿನ ಎಷ್ಟೋ ಕೂಸುಗಳು ಗೋವಾದಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಕಂಬಕ್ಕೆ ಬಿಗಿದ ಸೀರೆಯ ಜೋಳಿಗೆಯಲ್ಲಿ ತೂಗುತ್ತವೆ.

ಗೋವಾ ಅಂದಾಗ ಇನ್ನೊಂದು ನೆನಪು. ವಾಸ್ಕೋ ಹತ್ತಿರ ಬೈನಾ ಎಂಬ ಕಡಲದಂಡೆ ಇದೆ. 2004ರ ಜೂನ್ ತಿಂಗಳಲ್ಲಿ ಅಲ್ಲಿನ ಗುಡಿಸಲುಗಳ ಮೇಲೆ ಬುಲ್ಡೋಜರ್ ಹಾಯಿತು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರು ಬಹಳ. ಜೂನ್ ಅಂದರೆ ಮಳೆ ಹಿಡಿಯುವ ತಿಂಗಳು, ಸಾಲಿ ತೆರೆಯುವ ತಿಂಗಳೂ ಹೌದು. ಗೋವಾದಲ್ಲಿ ಕನ್ನಡ ಶಾಲೆಗಳು ಕೆಲವಿವೆ, ಇಲ್ಲವೆಂದಲ್ಲ. ಆದರೆ ಕಟ್ಟಡದ ಕೆಲಸದವರು ಒಂದೇ ಕಡೆ ನಿಲ್ಲುವುದಿಲ್ಲ. ಸ್ಲ್ಯಾಬ್ ಬಿದ್ದ ಮೇಲೆ ಶೆಡ್ಡು ಕಿತ್ತು ಮುಂದಿನ ಸೈಟಿಗೆ ನಡೆಯಬೇಕು. ನಮ್ಮಲ್ಲಿ ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ನಂಬರು ಇದೆ. ಮಗು ಕರ್ನಾಟಕದೊಳಗೆ ಯಾವ ಶಾಲೆಗೆ ಸೇರಿದರೂ ಅದರ ಬೆನ್ನಿಗೆ ನಂಬರು ಹೋಗುತ್ತದೆ. ಅನಮೋಡ ಘಟ್ಟ ಇಳಿದು ಗೋವಾಕ್ಕೆ ಹೋದರೆ ಅದು ಬರೀ ನಂಬರು.

ಒಂದು ಕಡೆಯಿಂದ ನಮ್ಮವರು ಹೋದರೆ ಇನ್ನೊಂದು ಕಡೆಯಿಂದ ಬೇರೆಯವರು ಬರುತ್ತಾರೆ. ಹಳಿಯಾಳದ ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿತೆಂದರೆ ಹೊಲದ ಬದುವಿಗೆ, ರಸ್ತೆಯ ಬದಿಗೆ ಕಬ್ಬು ಕಡಿಯುವ ಗ್ಯಾಂಗುಗಳ ಗುಡಿಸಲು ಏಳುತ್ತವೆ. ಮೇಲೊಂದು ತಾಡಪತ್ರಿ, ಕೆಳಗೆ ಕಬ್ಬಿನ ಸೋಗೆ. ಮರಾಠವಾಡಾದ ಬೀಡ ಜಿಲ್ಲೆಯವರು, ನಮ್ಮ ವಿಜಯಪುರದ ಕಡೆಯವರು. ನಸುಕಿನ ಮೂರಕ್ಕೆ ಎದ್ದು ಗಂಡ ಕಡಿಯುತ್ತಾನೆ, ಹೆಂಡತಿ ಕಟ್ಟು ಕಟ್ಟುತ್ತಾಳೆ, ಎಂಟು ವರ್ಷದ ಮಗು ಒಂದು ವರ್ಷದ ಮಗುವನ್ನು ಕಾಯುತ್ತದೆ. ನಮ್ಮ ಶಾಲೆಯ ಗಂಟೆ ಅದಕ್ಕೂ ಕೇಳಿಸುತ್ತದೆ, ಅಷ್ಟು ಹತ್ತಿರ ಇರುತ್ತದೆ.

ಇನ್ನು ನವಲಗುಂದ, ಕುಂದಗೋಳದ ಎರೆಸೀಮೆಗೆ ಹೋದರೆ ಕಥೆ ಬೇರೆ. ಅಲ್ಲಿ ಮನೆಯೇ ಬೀಳುತ್ತದೆ. ಮಣ್ಣಿನ ಗೋಡೆ, ಮೇಲ್ಮುದ್ದಿಯ ಮಾಳಿಗೆ. ಬಿಸಿಲಿಗೆ ಅಷ್ಟು ತಂಪಾದ ಮನೆ ಇನ್ನೊಂದಿಲ್ಲ. ಆದರೆ ಎಂಟು ದಿನ ಜಡಿಮಳೆ ಹಿಡಿದರೆ ನೆನೆದು ಕುಸಿಯುತ್ತದೆ. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದವು. ಬೆಣ್ಣಿ, ತುಪ್ಪ ಅಂತ ಹೆಸರಿಟ್ಟವರು ಯಾರೋ, ಮನೆ ಮುರಿಯುವುದರಲ್ಲಿ ಎರಡಕ್ಕೂ ಕರುಣೆ ಇಲ್ಲ. ಪೂರ್ತಿ ಬಿದ್ದ ಮನೆಗೆ ಸರಕಾರ ಐದು ಲಕ್ಷ ರೂಪಾಯಿ ಘೋಷಿಸಿತು, ಕಂತಿನಲ್ಲಿ. ಆಗ ಮನೆ ಕಳೆದುಕೊಂಡವರನ್ನು ಎಲ್ಲಿಟ್ಟರು? ಶಾಲೆಗಳಲ್ಲಿ. ಕಾಳಜಿ ಕೇಂದ್ರ ಅಂದರೆ ಹೆಚ್ಚಾಗಿ ಸಾಲಿಯ ಕೋಣೆಯೇ. ಮಗುವಿಗೆ ಮನೆ ಹೋಯಿತು, ಸಾಲಿಯೇ ಮನೆಯಾಯಿತು, ಹಾಗಾಗಿ ಸಾಲಿಯೂ ಹೋಯಿತು. ಕರಿಹಲಗೆಯ ಮೊಳೆಗೆ ಯಾರದೋ ಒದ್ದೆ ಧೋತರ ಒಣಹಾಕಿದ್ದನ್ನು ನೋಡಿ ಜೊತೆಯ ಮಾಸ್ತರೊಬ್ಬರು, ‘ಇವತ್ತ ಪೂರ್ತಿ ಹಾಜರಿ ನೋಡ್ರಿ, ತಂದಿ ತಾಯಿ ಸಮೇತ’ ಅಂದಿದ್ದರು.

ಈ ಎಲ್ಲ ಮಕ್ಕಳನ್ನೂ ನಮ್ಮ ಹಾಜರಿ ಪುಸ್ತಕ ಒಂದೇ ಶಬ್ದದಲ್ಲಿ ಮುಗಿಸುತ್ತದೆ: ಗೈರು. ಜ್ವರ ಬಂದವನೂ ಗೈರು, ಜಾತ್ರೆಗೆ ಹೋದವನೂ ಗೈರು, ಮಲಗಲು ಜಾಗ ಇಲ್ಲದವಳೂ ಗೈರು.

ಕಾನೂನಿಗೆ ಇದು ಗೊತ್ತಿಲ್ಲ ಅನ್ನುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿ. ಅದರ 9ನೇ ಕಲಮಿನಲ್ಲಿ, ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಹೊಣೆ ಅಂತ ಬಾಯಿಬಿಟ್ಟು ಹೇಳಿದೆ. ಸ್ಥಳೀಯ ಸಂಸ್ಥೆ ಅಂದರೆ ನಮ್ಮ ನಿಮ್ಮ ಗ್ರಾಮ ಪಂಚಾಯತಿಯೂ ಬಂತು. 45 ದಿನ ಹೇಳದೆ ಕೇಳದೆ ಬಾರದ ಮಗು ಶಾಲೆಯಿಂದ ಹೊರಗುಳಿದದ್ದು ಎಂಬುದು ದೇಶದ ಲೆಕ್ಕ. ನಮ್ಮ ಕರ್ನಾಟಕದ ಲೆಕ್ಕ ಇನ್ನೂ ಬಿಗಿ. 2013ರಲ್ಲಿ ಹೈಕೋರ್ಟು ಪತ್ರಿಕೆಯ ವರದಿ ನೋಡಿ, ಶಾಲೆ ಬಿಟ್ಟ ಮಕ್ಕಳ ಬಗ್ಗೆ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆಮೇಲೆ ಇಲ್ಲಿ ಏಳು ದಿನಕ್ಕೆ ಬಂದು ನಿಂತಿತು. ಏಳು ದಿನ ಬಾರದಿದ್ದರೆ ಮನೆಗೆ ಹೋಗಬೇಕು, ವಿಚಾರಿಸಬೇಕು, ನೋಟೀಸು ಕೊಡಬೇಕು. ಒಳ್ಳೆಯ ನಿಯಮವೇ. ಆದರೆ ಏಳನೆಯ ದಿನಕ್ಕೆ ಆ ಕುಟುಂಬ ಗೋವಾದ ಮಡಗಾವಿನಲ್ಲಿರುತ್ತದೆ. ಕೀಲಿ ಹಾಕಿದ ಮನೆಯ ಮುಂದೆ ನೋಟೀಸು ಹಿಡಿದು ನಿಂತ ಮಾಸ್ತರ ಏನು ಮಾಡಬೇಕು? ನಾನು ಒಂದೆರಡು ಸಲ ಕದದ ಸಂದಿಯಲ್ಲಿ ತುರುಕಿ ಬಂದಿದ್ದೇನೆ. ಹೋಳಿಗೆ ಅವರು ಬಂದು ನೋಡಿದಾಗ ಗೆದ್ದಲು ಓದಿ ಮುಗಿಸಿತ್ತು.

ಅಮೆರಿಕದಂಥ ಸಿರಿವಂತ ದೇಶದಲ್ಲೂ ಈ ತಾಪತ್ರಯ ಇದೆ ಅಂದರೆ ನಂಬುತ್ತೀರೋ ಇಲ್ಲವೋ. 1987ರಲ್ಲಿ ಅವರು ನಿರ್ವಸಿತರಿಗಾಗಿ ಒಂದು ಕಾಯ್ದೆ ಮಾಡಿಕೊಂಡರು. ಮೆಕಿನ್ನಿ–ವೆಂಟೋ ಕಾಯ್ದೆ ಅಂತ ಈಗಿನ ಹೆಸರು. ಅದರಲ್ಲಿ ಮಕ್ಕಳ ಶಿಕ್ಷಣದ ಭಾಗವೇ ಬೇರೆ ಇದೆ. ನನಗೆ ಹಿಡಿಸಿದ್ದು ಅದರ ವ್ಯಾಖ್ಯೆ. ರಾತ್ರಿ ಮಲಗಲು ಖಾಯಂ ಆದ, ದಿನವೂ ಸಿಗುವ, ಸಾಕಷ್ಟಾದ ಜಾಗ ಇಲ್ಲದ ಮಗು ನಿರ್ವಸಿತ ಮಗು. ಬೀದಿಯಲ್ಲಿ ಮಲಗಿದರೆ ಮಾತ್ರವೇ ಅಲ್ಲ, ಗತಿಯಿಲ್ಲದೆ ಬೀಗರ ಮನೆಯ ಪಡಸಾಲೆಯಲ್ಲಿ ಒತ್ತಿಕೊಂಡು ಮಲಗಿದರೂ ಅದು ಲೆಕ್ಕಕ್ಕೆ ಬರುತ್ತದೆ. ಅಂಥ ಮಗು ಊರ ಇನ್ನೊಂದು ತುದಿಗೆ ಹೋಗಿಬಿದ್ದರೂ ಮೊದಲಿನ ಶಾಲೆಯಲ್ಲೇ ಕಲಿಯುವ ಹಕ್ಕಿದೆ, ಕರೆತರುವ ವಾಹನದ ಖರ್ಚು ಶಾಲೆಯ ಆಡಳಿತದ್ದು. ಇದಕ್ಕಾಗಿ ಅನುದಾನ ಕೊಡುತ್ತಾರೆ. ಶಾಲೆಯ ಹತ್ತರಲ್ಲಿ ಒಂದು ದಿನ ತಪ್ಪಿಸಿಕೊಂಡ ಮಗುವನ್ನು ಅಲ್ಲಿ ದೀರ್ಘ ಗೈರಿನ ಮಗು ಅನ್ನುತ್ತಾರೆ. ನಮ್ಮಲ್ಲಿ ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅವರ ಮಾಪಿನಲ್ಲಿ ಅಳೆದರೆ 22 ದಿನಕ್ಕೆ ಗಾಬರಿಯಾಗಬೇಕು. ನಮ್ಮ ತಾಂಡಾದ ಮಗು ದೀಪಾವಳಿಗೆ ಹೋಗಿ ಹೋಳಿಗೆ ಬರುತ್ತದೆ, ನಾಲ್ಕು ತಿಂಗಳು.

ಹಾಗಂತ ಅಮೆರಿಕದಿಂದ ಕಲಿಯಬೇಕು ಅಂತ ನಾನು ಹೇಳಲಿಕ್ಕೆ ಬಂದಿಲ್ಲ. ರಾತ್ರಿಯ ಪ್ರಶ್ನೆಯನ್ನು ನಮ್ಮ ಹಿರಿಯರೇ ಮೊದಲು ಕೇಳಿದ್ದರು. ಧಾರವಾಡಕ್ಕೆ ಕಲಿಯಲು ಬಂದ ಹುಡುಗರು ವಾರಾನ್ನ ಉಂಡು ಕಲಿತ ಕಾಲವೊಂದಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಒಂದು ವಾರ ಸಿಗದಿದ್ದರೆ ಆ ದಿನ ನೀರು. ಆಮೇಲೆ ಮಠಗಳು ಪ್ರಸಾದನಿಲಯ ತೆರೆದವು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗ ಮಂದಿರ ಕಟ್ಟಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ಹುಡುಗರನ್ನು ಇಟ್ಟುಕೊಂಡು ಓದಿಸಿದರು. ಹುಬ್ಬಳ್ಳಿಯಲ್ಲಿ ಸರ್ದಾರ್ ವೀರನಗೌಡ ಪಾಟೀಲರು, ನಾಗಮ್ಮತಾಯಿ ದಂಪತಿ ಹರಿಜನ ಬಾಲಿಕೆಯರಿಗಾಗಿ ಆಶ್ರಮ ನಡೆಸಿದರು. ಮೈಲಿಗೆಯ ಮಾತು ಗಟ್ಟಿಯಾಗಿದ್ದ ದಿನಗಳಲ್ಲಿ ಆ ಹೆಣ್ಣುಮಕ್ಕಳಿಗೆ ರಾತ್ರಿಯ ಸೂರು ಕೊಡುವುದು ಸಣ್ಣ ಎದೆಗಾರಿಕೆ ಅಲ್ಲ. ಪ್ರಸಾದನಿಲಯಕ್ಕೆ ಅನುದಾನ ಎಲ್ಲಿಂದ ಬಂತು? ಜೋಳಿಗೆಯಿಂದ. ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಯಾವಾಗ ತಿರುಗಿದರು ಎಂಬುದನ್ನು ಗಮನಿಸಬೇಕು. ಸುಗ್ಗಿಯಲ್ಲಿ. ಕಣದಲ್ಲಿ ರಾಶಿ ಇದ್ದಾಗ ಒಕ್ಕಲಿಗನ ಕೈ ಧಾರಾಳ. ಆ ಜೋಳ ವರ್ಷವಿಡೀ ಹುಡುಗರ ಹೊಟ್ಟೆಗೆ ಆಯಿತು.

ಇನ್ನೊಂದು ಅನುದಾನ ಇತ್ತು, ಅದು ಈಗಲೂ ಇದೆ: ಬಸ್ಸಿನ ಬುತ್ತಿ. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ರೂಮು ಮಾಡಿಕೊಂಡು ಓದುವ ಹುಡುಗನಿಗೆ ಅವ್ವ ಬೆಳಗಿನ ಬಸ್ಸಿಗೆ ರೊಟ್ಟಿ ಪಲ್ಯದ ಗಂಟು ಇಡುತ್ತಾಳೆ. ಯಾವ ರಸೀದಿಯೂ ಇಲ್ಲ, ಡ್ರೈವರ್ ಸೀಟಿನ ಬದಿಗೆ ಸಾಲಾಗಿ ಗಂಟುಗಳು. ಮಿಶ್ರಿಕೋಟಿ ಬಸ್ಸಿನಲ್ಲೂ ಎಷ್ಟೋ ಬುತ್ತಿ ಹೋದದ್ದನ್ನು ನೋಡಿದ್ದೇನೆ. ಆದರೆ ಬುತ್ತಿ ಕಳಿಸಲು ಅವ್ವ ಊರಲ್ಲಿರಬೇಕಲ್ಲ.

ಈಗ ಸರಕಾರದ ದುಡ್ಡಿನ ಮಾತಿಗೆ ಬರುತ್ತೇನೆ. ದುಡ್ಡಿಲ್ಲ ಎಂಬ ದೂರು ನನ್ನದಲ್ಲ. ಮಗುವಿನ ಹಗಲಿಗಾಗಿ ಆಗುವ ಖರ್ಚು ನೋಡಿ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2013ರಿಂದ ಕ್ಷೀರಭಾಗ್ಯದ ಹಾಲು. ಆಮೇಲೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ 1,500 ಕೋಟಿಗೂ ಮಿಕ್ಕಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಎರಡಿದ್ದ ಮೊಟ್ಟೆ ಆರಾಯಿತು. ಪುಸ್ತಕ, ಸಮವಸ್ತ್ರ, ಬೂಟು ಕಾಲುಚೀಲ. ಬೆಳಗಿನಿಂದ ಸಂಜೆಯ ಗಂಟೆಯವರೆಗೆ ಸರಕಾರ ತಾಯಿಯ ಹಾಗೆ ಇದೆ. ಇದರಿಂದಾದ ಒಳ್ಳೆಯದನ್ನು ಕಣ್ಣಾರೆ ಕಂಡವನು ನಾನು. ಬಿಸಿಯೂಟ ಬರುವ ಮೊದಲು ಹನ್ನೊಂದು ಗಂಟೆಗೇ ತಲೆ ತಿರುಗಿ ಬೀಳುವ ಮಕ್ಕಳಿಗೆ ನೀರು ಚಿಮುಕಿಸಿದ್ದೇನೆ. ಆದರೆ ಸಂಜೆ ಗಂಟೆ ಬಾರಿಸಿದ ಮೇಲೆ ಆರು ಮೊಟ್ಟೆಯ ಮಗು ಕೀಲಿ ಹಾಕಿದ ಮನೆಯ ಕಡೆ ನಡೆಯುತ್ತದೆ.

ರಾತ್ರಿಗೂ ದುಡ್ಡಿದೆ. ಅದು ಯಾರಿಗೆ ಎಂಬುದು ಪ್ರಶ್ನೆ. ವಿದ್ಯಾಸಿರಿ ಎಂಬ ಯೋಜನೆ 2013-14ರಲ್ಲಿ ಬಂತು. ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ, ವಸತಿಗಾಗಿ ಆಗ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳು. ಬಹಳ ಬುದ್ಧಿವಂತಿಕೆಯ ಯೋಜನೆ ಅದು. ಕಟ್ಟಡ ಕಟ್ಟುವ ಬದಲು ಕೈಗೆ ಬಾಡಿಗೆ ಕೊಟ್ಟರು. ಆದರೆ ಅದು ಹತ್ತನೆಯದು ಪಾಸಾದ ಮೇಲೆ. ಹತ್ತಕ್ಕೆ ಮುಟ್ಟಲಾರದವಳಿಗೆ? ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ, ನಡೆಸುವವರು ಚೆನ್ನಾಗಿಯೇ ನಡೆಸುತ್ತಾರೆ. ಆರನೇ ಇಯತ್ತೆಗೆ ಪ್ರವೇಶ ಪರೀಕ್ಷೆ ಬರೆದು ಒಳಗೆ ಹೋಗಬೇಕು. ನಾಲ್ಕನೆಯದರಲ್ಲೂ ಐದನೆಯದರಲ್ಲೂ ನಾಲ್ಕು ನಾಲ್ಕು ತಿಂಗಳು ಗೋವಾದ ಶೆಡ್ಡಿನಲ್ಲಿ ಕಳೆದ ಮಗು ಆ ಪರೀಕ್ಷೆಯಲ್ಲಿ ಏನು ಬರೆಯಬೇಕು? ವಸತಿ ಯಾರಿಗೆ ಹೆಚ್ಚು ಬೇಕೋ ಅವರೇ ಜರಡಿಯ ಕೆಳಗೆ ಉದುರುತ್ತಾರೆ. ಈ ಮಾತನ್ನು ಸಭೆಗಳಲ್ಲಿ ಹೇಳಿದಾಗಲೆಲ್ಲ ‘ಪಾಯಿಂಟ್ ಐತ್ರಿ’ ಅಂದವರೇ ಎಲ್ಲ. ಪಾಯಿಂಟು ಅಲ್ಲೇ ಕೂತಿದೆ.

ಹಾಗಾದರೆ ಏನು ಮಾಡಬೇಕು? ಹೊಸ ಹಾಸ್ಟೆಲ್ ಕಟ್ಟಡ ಬೇಡ. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವವರ ಮಕ್ಕಳಿಗಾಗಿ, ಅವರವರ ಊರಲ್ಲೇ, ಹಂಗಾಮಿ ವಸತಿಗೃಹ ಎಂಬ ವ್ಯವಸ್ಥೆ ಮಾಡಿದ್ದಾರೆ. ಮರಾಠಿಯಲ್ಲಿ ಹಂಗಾಮಿ ಅಂದರೆ ಹಂಗಾಮಿನದು, ಸುಗ್ಗಿಕಾಲದ್ದು. ನಮ್ಮ ಕಚೇರಿ ಕನ್ನಡದಲ್ಲಿ ಹಂಗಾಮಿ ಅಂದರೆ ತಾತ್ಪೂರ್ತಿಕ, ‘ಹಂಗಾಮಿ ಗುಮಾಸ್ತ’ ಅನ್ನುವ ಹಾಗೆ. ಎರಡೂ ಅರ್ಥ ಇಲ್ಲಿ ಒಪ್ಪುತ್ತವೆ. ತಂದೆತಾಯಿ ಹೋದ ತಿಂಗಳುಗಳಲ್ಲಿ ಮಾತ್ರ ಅದು ನಡೆಯುತ್ತದೆ. ಮಕ್ಕಳು ಅಲ್ಲಿ ಎರಡು ಹೊತ್ತು ಉಣ್ಣುತ್ತಾರೆ. ಎಷ್ಟೋ ಕಡೆ ಮಲಗುವುದು ಅಜ್ಜ ಅಜ್ಜಿಯ ಮನೆಯಲ್ಲೇ. ನಮ್ಮ ಸಮಗ್ರ ಶಿಕ್ಷಾ ಯೋಜನೆಯಲ್ಲೂ ಇಂಥ ಸೀಸನಲ್ ಹಾಸ್ಟೆಲಿಗೆ ಜಾಗ ಇದೆ. 2018ರಲ್ಲಿ ಬಂದ ಆ ಯೋಜನೆಗೆ ಕೇಂದ್ರ ನೂರಕ್ಕೆ ಅರವತ್ತು, ರಾಜ್ಯ ನಲವತ್ತು ಹಾಕುತ್ತವೆ.

ನನ್ನ ಮಾಸ್ತರ ಲೆಕ್ಕ ಒಂದು ಕೇಳಿ. ವಿದ್ಯಾಸಿರಿಯ ಆ 1,500ರ ದರದಲ್ಲೇ ಒಂದು ಮಗುವಿನ ನಾಲ್ಕು ತಿಂಗಳಿಗೆ 6,000 ಆಯಿತು. ಶಾಲೆ ದೂರವಿರುವ ಮಗುವನ್ನು ಕರೆತರಲು ಸಮಗ್ರ ಶಿಕ್ಷಾದಲ್ಲಿ ವರ್ಷಕ್ಕೆ ಕೊಡಬಹುದಾದ ಮೊತ್ತವೂ 6,000ದವರೆಗೆ. ಒಂದು ತಾಂಡಾದಲ್ಲಿ ಮೂವತ್ತು ಮಕ್ಕಳು ಅಂದರೆ 1,80,000 ರೂಪಾಯಿ. ಒಂದು ಸ್ವಾಗತ ಕಮಾನಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ, ಯಾವ ಊರಿನ ಕಮಾನು ಅಂತ ಕೇಳಬೇಡಿ. ಈ ದುಡ್ಡಿನಲ್ಲಿ ಬೇಕಾದದ್ದು ಏನೇನು? ಸಾಲಿಯ ಒಂದು ಕೋಣೆಗೆ ಗಟ್ಟಿ ಕದ, ಅಗಳಿ. ಕರೆಂಟು ಹೋದರೆ ಉರಿಯುವ ಒಂದು ದೀಪ. ಮೂವತ್ತು ಕೌದಿ. ರಾತ್ರಿಗೆ ರೊಟ್ಟಿ, ಬ್ಯಾಳಿ. ಮತ್ತೆ ರಾತ್ರಿ ಮಕ್ಕಳ ಜೋಡಿ ಮಲಗುವ ಇಬ್ಬರು ಹೆಣ್ಣುಮಕ್ಕಳಿಗೆ ಕೂಲಿ. ಸ್ತ್ರೀಶಕ್ತಿ ಸಂಘದವರಲ್ಲಿ ಇದಕ್ಕೆ ಮುಂದೆ ಬರುವವರು ಸಿಗುತ್ತಾರೆ. ಈ ಕೆಲಸದ ಕೂಲಿ ಸಿಕ್ಕರೆ ಅವರಾದರೂ ದುಡಿಯಲು ಊರು ಬಿಡಬೇಕಾಗಿಲ್ಲ. ಉದ್ಯೋಗ ಖಾತರಿಗೆ ಹೋದ ತಾಯಂದಿರ ಕೂಸುಗಳಿಗಾಗಿ ಪಂಚಾಯತಿಗಳು ಈಗಾಗಲೇ ‘ಕೂಸಿನ ಮನೆ’ ನಡೆಸಿವೆ. ಅಂದರೆ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವುದು ಪಂಚಾಯತಿಗೆ ಬಾರದ ವಿದ್ಯೆ ಅಲ್ಲ. ಹಗಲಿಗೆ ಬಂದದ್ದು ರಾತ್ರಿಗೂ ಬರಬೇಕು, ಅಷ್ಟೇ.

ಎಲ್ಲ ತಾಯಂದಿರೂ ಮಕ್ಕಳನ್ನು ಬಿಟ್ಟು ಹೋಗುತ್ತಾರೆ ಅಂತ ನಾನು ತಿಳಿದಿಲ್ಲ. ಆರು ವರ್ಷದ ಮಗುವನ್ನು ಬಿಟ್ಟು ಹೋಗು ಅಂತ ಯಾವ ತಾಯಿಗೂ ಹೇಳಲು ನನಗೆ ಬಾಯಿ ಬರುವುದಿಲ್ಲ. ಎಳೆಯವು ಜೋಡಿಯೇ ಹೋಗಲಿ, ಅವಕ್ಕೆ ಹೋದಲ್ಲಿಯ ಶಾಲೆ ಬಾಗಿಲು ತೆರೆಯಲಿ. ಹತ್ತು, ಹನ್ನೆರಡು ದಾಟಿದವು, ಅದರಲ್ಲೂ ಹೆಣ್ಣುಮಕ್ಕಳು, ಇಲ್ಲಿ ಉಳಿಯಲಿಕ್ಕೆ ಒಪ್ಪುತ್ತವೆ. ರಾತ್ರಿಯ ಭರವಸೆ ಇಲ್ಲದ್ದಕ್ಕೇ ಎಷ್ಟೋ ಮನೆಯಲ್ಲಿ ಎಂಟನೆಯದಕ್ಕೆ ಸಾಲಿ ಬಿಡಿಸಿ, ಒಂಬತ್ತನೆಯದಕ್ಕೆ ಮದುವೆಯ ಮಾತು ತೆಗೆಯುತ್ತಾರೆ. ‘ಜವಾಬ್ದಾರಿ ಕಳಕೊಂಡ್ವಿ’ ಅನ್ನುತ್ತಾರೆ. ಅವರ ಮೇಲೆ ಸಿಟ್ಟು ಬರುತ್ತಿತ್ತು ನನಗೆ, ಮೊದಮೊದಲು.

ಇನ್ನು ಇದಕ್ಕೆ ದೊಡ್ಡ ತೊಡಕು ಅಂದರೆ ದುಡ್ಡಿನ ಮೊತ್ತ ಅಲ್ಲ, ದುಡ್ಡು ಬರುವ ತಿಂಗಳು. ಸರಕಾರದ ವರ್ಷ ಏಪ್ರಿಲ್‌ಗೆ ಹುಟ್ಟುತ್ತದೆ. ಯೋಜನೆ ದೆಹಲಿಗೆ ಹೋಗಿ ಮಂಜೂರಾಗಬೇಕು, ಅಲ್ಲಿಂದ ಬೆಂಗಳೂರಿಗೆ ಕಂತು ಬರಬೇಕು, ಬೆಂಗಳೂರಿನಿಂದ ಜಿಲ್ಲೆ, ಜಿಲ್ಲೆಯಿಂದ ತಾಲೂಕು. ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಕೊಡದೆ ಎರಡನೆಯದು ಬಾರದು. ಹೀಗೆ ನಡೆದು ನಡೆದು ಅದು ಸಾಲಿಗೆ ಮುಟ್ಟುವುದು ಫೆಬ್ರುವರಿಗೋ ಮಾರ್ಚಿಗೋ. ‘ಮಾರ್ಚ್ ಎಂಡ್ ಐತ್ರಿ, ಖರ್ಚ್ ಹಾಕ್ರಿ, ಇಲ್ಲಾಂದ್ರ ಲ್ಯಾಪ್ಸ್ ಆಗ್ತೈತಿ’ ಅಂತ ಫೋನು ಬರುತ್ತದೆ. ಆಗ ಗೋವಾದಿಂದ ಜನ ಹೋಳಿ ಹಬ್ಬಕ್ಕೆ ಮರಳುತ್ತಿರುತ್ತಾರೆ. ಒಮ್ಮೆ ನನ್ನ ಕೈಗೆ ಹೊರಗುಳಿದ ಮಕ್ಕಳ ಬಾಬತ್ತಿನ ದುಡ್ಡು ಬಂದಾಗ ಹೊರಗುಳಿದ ಮಕ್ಕಳೆಲ್ಲ ಎದುರಿಗೆ ಬಣ್ಣ ಆಡುತ್ತಿದ್ದವು. ಚಾರ್ಟು, ಗ್ಲೋಬು ಕೊಂಡೆವು. ಗೋವಾ ಎಲ್ಲಿದೆ ಅಂತ ಆ ಗ್ಲೋಬಿನಲ್ಲಿ ಹುಡುಕಿದರೆ ಅದು ಸಿಗದಷ್ಟು ಸಣ್ಣ.

ಇದರ ಎದುರಿಗೆ ಮುಕಾದಮನ ಲೆಕ್ಕ ನೋಡಿ. ಮುಕಾದಮ ಅಂದರೆ ಗ್ಯಾಂಗು ಕಟ್ಟಿ ಕೆಲಸಕ್ಕೆ ಒಯ್ಯುವವನು. ಅವನಿಗೆ ಇಲಾಖೆ ಇಲ್ಲ, ಮಂಡಳಿ ಇಲ್ಲ. ಆದರೆ ಒಕ್ಕಲುತನದ ಪಂಚಾಂಗ ಅವನಿಗೆ ಬಾಯಿಪಾಠ. ಶ್ರಾವಣ ಮುಗಿಯುವ ಹೊತ್ತಿಗೆ ಮನೆಯ ಕಾಳು ತೀರಿರುತ್ತದೆ, ಗೊಬ್ಬರದ ಸಾಲ ಇರುತ್ತದೆ, ಗಣಪತಿ ಹಬ್ಬ ಬಾಗಿಲಿಗೆ ಬಂದಿರುತ್ತದೆ, ಸೋರುವ ಹಂಚಿಗೆ ತಾಡಪತ್ರಿ ಬೇಕಿರುತ್ತದೆ. ಸರಿಯಾಗಿ ಆ ಹೊತ್ತಿಗೆ ಅವನು ಬೈಕಿನಲ್ಲಿ ಬಂದು ಕಟ್ಟೆಯ ಮೇಲೆ ಕೂತು ಕಿಸೆಯಿಂದ ಮುಂಗಡ ತೆಗೆಯುತ್ತಾನೆ. ಅರ್ಜಿ ಬೇಡ, ಆಧಾರ ಜೋಡಣೆ ಬೇಡ. ಹೆಬ್ಬೆಟ್ಟು ಸಾಕು. ಹೆಂಡತಿಯನ್ನೂ ಕರೆದುಕೊಂಡು ಬಂದರೆ ಮುಂಗಡ ಹೆಚ್ಚು. ಆ ಮುಂಗಡ ತೀರಿಸಲಿಕ್ಕೆ ದೀಪಾವಳಿಯ ಪಾಡ್ಯ ದಾಟಿದ ಮೇಲೆ ಟೆಂಪೋ ಹತ್ತಬೇಕು. ಮಗುವಿನ ಗೈರು ನಾನು ನವೆಂಬರಿನಲ್ಲಿ ಬರೆಯುತ್ತಿದ್ದೆ. ಅದು ಭಾದ್ರಪದದಲ್ಲೇ ಕಟ್ಟೆಯ ಮೇಲೆ ಬರೆದಾಗಿರುತ್ತಿತ್ತು.

ಅದಕ್ಕೇ ಹಂಗಾಮಿನ ವಸ್ತಿಯ ದುಡ್ಡು ಜುಲೈ ತಿಂಗಳಲ್ಲೇ ಪಂಚಾಯತಿಯ ಖಾತೆಯಲ್ಲಿರಬೇಕು. ಆಗಸ್ಟಿನಲ್ಲಿ ಸಾಲಿಯ ಅಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಮನೆಮನೆಗೆ ಹೋಗಿ ‘ನೀವು ಹೋಗವ್ರ ಅದೀರೇನು? ಹುಡುಗಿ ವಸ್ತಿ ಎಲ್ಲಿ?’ ಅಂತ ಕೇಳಿ ಬರೆದುಕೊಳ್ಳಬೇಕು. ಮುಂಗಡ ಹಿಡಿಯುವ ಮೊದಲೇ ಆ ತಾಯಿಗೆ, ಹುಡುಗಿ ಇಲ್ಲಿ ಉಳಿಯುತ್ತಾಳೆ, ಕದಕ್ಕೆ ಅಗಳಿ ಇದೆ, ರಾತ್ರಿ ಇಂಥಿಂಥವರು ಇರುತ್ತಾರೆ ಅಂತ ಹೆಸರು ಹಿಡಿದು ಹೇಳಬೇಕು. ನಿವೃತ್ತನಾದ ಮೇಲೆ ನಾನು ನಮ್ಮ ಕಡೆಯ ಒಂದಿಷ್ಟು ಮನೆಗಳಿಗೆ ಹೋಗಿ ಹೀಗೆ ಕೇಳುತ್ತ ಬಂದಿದ್ದೇನೆ. ಒಂದು ಹಳೆಯ ಹಾಜರಿ ಪುಸ್ತಕದಲ್ಲಿ, ಹಾಜರಿ ಗೈರಿನ ಕಲಮಿನ ಬದಿಗೆ ನಾನೇ ಸ್ಕೇಲು ಇಟ್ಟು ಇನ್ನೊಂದು ಗೆರೆ ಎಳೆದು ‘ವಸ್ತಿ’ ಅಂತ ಬರೆದಿದ್ದೇನೆ. ‘ಅಜ್ಜಿ, ಕಣ್ಣು ಕಾಣುವುದಿಲ್ಲ.’ ‘ಸೋದರಮಾವ, ಕುಡಿಯುತ್ತಾನೆ.’ ‘ಗುಡಿಯ ಪೌಳಿ.’ ‘ಅಕ್ಕನ ಗಂಡನ ಮನೆ, ಹುಡುಗಿ ಒಲ್ಲೆ ಅನ್ನುತ್ತಾಳೆ.’ ಕಲಮು ತುಂಬುತ್ತ ಹೋಗಿದೆ.

ಗಣಪತಿ ಕಳಿಸಿ ಎಂಟು ದಿನ ಆಗಿದೆ. ನಿನ್ನೆ ಸಂಜೆ ನಮ್ಮ ಊರ ಹೊರಗಿನ ತಾಂಡಾದ ಕಟ್ಟೆಯ ಹತ್ತಿರ ಬೈಕೊಂದು ನಿಂತಿತ್ತು, ಸುತ್ತ ಹತ್ತು ಹನ್ನೆರಡು ಮಂದಿ. ಹೆಣ್ಣುಮಕ್ಕಳು ತುಸು ದೂರ ನಿಂತಿದ್ದರು. ಮುಂಗಡ ಬಂದಿದೆ. ದೀಪಾವಳಿಗೆ ಇನ್ನೂ ಕೆಲವು ವಾರಗಳಿವೆ.